ಲೊರೇನ್ ಎಳೆದುಕೊಂಡು ಹೋದ ಮನೆ

"ಬೇಡ ಟ್ರೆವರ್, ನಾನಿಲ್ಲೇ ಇಳೀತೀನಿ. ನೀನು ಬೇಕಾದ್ರೆ ಇದನ್ನ ತಳ್ಕೊಂಡು ಹೋಗು."

"ಇನ್ನೂ ನಮ್ಮ ಬೀದಿನೇ ದಾಟಿಲ್ಲ ಕಣೇ!"

"ಅದಕ್ಕೇ ಹೇಳ್ತಿರೋದು. ದಾಟಿದ್ಮೇಲೆ ವಾಪಸ್ ತಿರುಗ್ಸೋಕೂ ನಂಗೆ ಬರಲ್ಲ."

ಲೊರೇನ್ ಸಟ್‌ಕ್ಲಿಫ್ ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಪಕ್ಕದಲ್ಲಿ ಗಂಡ ಟ್ರೆವರ್, ತೊಡೆಯ ಮೇಲೆ ಚಹಾದ ಫ್ಲಾಸ್ಕು. ಹಿಂದಿನ ಸೀಟಿನಲ್ಲಿ, ಮೂರು ದಿಂಬುಗಳ ನಡುವೆ, ಪಕ್ಕದ ಮನೆಯ ನಾನು. ನಮ್ಮೆಲ್ಲರ ಹಿಂದೆ, ಕಾರಿಗೆ ಕೊಕ್ಕೆ ಹಾಕಿ ನಿಲ್ಲಿಸಿದ ಹನ್ನೆರಡು ವರ್ಷ ಹಳೆಯ ಬಿಳಿ ಕಾರವಾನ್. ಹಾಸಿಗೆ, ಒಲೆ, ಪರದೆ, ಕಕ್ಕಸು ಎಲ್ಲ ಇರುವ ಒಂದು ಇಡೀ ಮನೆ! ಅದನ್ನು ಎಳೆಯಬೇಕಾದವರು, ಜೀವಮಾನದಲ್ಲಿ ಒಂದು ಸಣ್ಣ ಟ್ರೇಲರನ್ನೂ ಎಳೆಯದ ಲೊರೇನ್.

ಮೂವತ್ತೊಂದು ವರ್ಷ ಅವರಿಬ್ಬರೂ ಟೆಂಟಿನವರು. ಮೇ ಬಂತೆಂದರೆ ಇಂಗ್ಲೆಂಡಿನ ಕೀತ್ಲಿ ಊರಿನ ಅವರ ಮನೆಗೆ ಬೀಗ. ಶುಕ್ರವಾರ ಸಂಜೆ ಹೊರಟರೆ ಭಾನುವಾರ ಸಂಜೆ ಒದ್ದೆ ಸಾಕ್ಸು, ಕೆಂಪು ಮೂಗು, ಕಿವಿವರೆಗೂ ನಗು ಹೊತ್ತು ವಾಪಸ್. ಕಾರವಾನಿನವರನ್ನು ಕಂಡರೆ ಇಬ್ಬರಿಗೂ ತಮಾಷೆ. "ಸೋಫಾ ಬಿಟ್ಟು ಬರಕ್ಕಾಗದೋರು" ಎಂದು ಲೊರೇನೇ ಹಂಗಿಸುತ್ತಿದ್ದರು.

ಆದರೆ ಎರಡು ವರ್ಷದ ಹಿಂದೆ ಟ್ರೆವರ್‌ಗೆ ಎರಡೂ ಮಂಡಿಯ ಆಪರೇಷನ್ ಆಯಿತು. ಹೋದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಟೆಂಟಿನ ನೆಲದಿಂದ ಅವರಿಗೆ ಏಳಲಾಗಲಿಲ್ಲ. ಲೊರೇನ್ ಕಂಕುಳಿಗೆ ಕೈ ಹಾಕಿ ಎಳೆದರು, ಬಾಗಿಲ ತನಕ ಉರುಳಿಸಿದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಇಬ್ಬರೂ ಅತ್ತರು. ಚಳಿಗಾಲದಲ್ಲಿ ಟ್ರೆವರ್‌ನ ಕಣ್ಣೂ ಮಂಜಾಗಿ ಲೈಸೆನ್ಸು ಹೋಯಿತು. ನೆಲದ ಮೇಲೆ ಮಲಗುವ ಕಷ್ಟ ಬೇಡವೆಂದು ಕೊಂಡ ಕಾರವಾನ್ ಬಂತು, ಎಳೆದೊಯ್ಯುವವರೇ ಇಲ್ಲ!

ಮೂರು ತಿಂಗಳು ಅದು ಮನೆಯ ಮುಂದೆಯೇ ನಿಂತಿತ್ತು. ಲೊರೇನ್ ದಿನಾ ಅದರೊಳಗೆ ಹೋಗಿ ಚಹಾ ಮಾಡಿಕೊಂಡು, ಕುಡಿದು, ಲೋಟ ತೊಳೆದು ಇಳಿದು ಬರುತ್ತಿದ್ದರು. ಎದುರು ಮನೆಯ ಮುದುಕ ಬೇಲಿಯಾಚೆಯಿಂದ, "ಏನಮ್ಮಾ, ಇವತ್ತು ಎಲ್ಲೀವರ್ಗೂ ಹೋಗ್ಬಂದ್ರಿ?" ಅನ್ನುತ್ತಿದ್ದ. ಕೊನೆಗೆ ಟ್ರೆವರ್ ಮೆಲ್ಲಗೆ ಹೇಳಿದರು: ಸೋಮವಾರ ಲೀಡ್ಸ್‌ನಿಂದ ಒಬ್ಬ ನೋಡಲು ಬರುತ್ತಾನೆ, ಕೊಟ್ಟುಬಿಡೋಣ. ಕೊಟ್ಟರೆ ಮುಂದೆ ಶುಕ್ರವಾರಗಳೇ ಇಲ್ಲ, ಕಿಟಕಿ ಮತ್ತು ಟೀವಿ ಮಾತ್ರ. ಅದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಈ ಶನಿವಾರ, ಮಾರುವ ಮೊದಲು ಒಂದು ಸಲ ಎಳೆದು ನೋಡುವುದೆಂದು ಲೊರೇನ್ ಹೊರಟಿದ್ದರು.

ಹೊರಡುವ ಮುನ್ನ ಟ್ರೆವರ್ ಕೇಳಿದ್ದು ಒಂದೇ. "ಭಾರದ್ದೆಲ್ಲ ಎಲ್ಲಿಟ್ಟೆ?"

"ಯಾವಾಗ್ಲೂ ಇಡೋ ಕಡೇನೇ."

ಟ್ರೆವರ್ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ, ನನಗೇನು ಗೊತ್ತು!

ಬೀದಿ ದಾಟಿತು. ವೃತ್ತ ದಾಟಿತು, ಒಂದು ಚಕ್ರ ಕಲ್ಲಿನ ಅಂಚು ಹತ್ತಿ ಧಡ್ ಎಂದು ಇಳಿಯಿತು. "ಯಾರಾದ್ರೂ ಸತ್ರಾ?" ಎಂದು ಲೊರೇನ್ ಕಣ್ಣು ಕದಲಿಸದೆ ಕೇಳಿದರು. "ಯಾರೂ ಇಲ್ಲಮ್ಮ, ನಡಿ," ಎಂದರು ಟ್ರೆವರ್. ಊರು ಮುಗಿದು ಅಗಲವಾದ ರಸ್ತೆ ಬಂತು, ಗಂಟೆಗೆ ಐವತ್ತು ಮೈಲಿ ಮುಟ್ಟಿತು, ಎರಡೂ ಕಡೆ ಕುರಿ, ಕಲ್ಲುಗೋಡೆ. ನನಗೆ ಕೂಗಿಬಿಡುವಷ್ಟು ಖುಷಿ, ಆಗಿಬಿಟ್ಟಿತು ಅಂದುಕೊಂಡೆ, ಅಷ್ಟರಲ್ಲಿ ಇಳಿಜಾರು ಶುರುವಾಯಿತು. ಬಲಗಡೆಯಿಂದ ಒಂದು ಉದ್ದನೆಯ ಲಾರಿ ನಮ್ಮನ್ನು ದಾಟಿತು.

ಮೊದಲು ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಸಣ್ಣಗೆ ಜಗ್ಗಿದ ಹಾಗಾಯಿತು. ಇನ್ನೊಮ್ಮೆ, ಆಚೆ ಕಡೆಗೆ. ತಿರುಗಿ ನೋಡಿದರೆ ಕಾರವಾನ್ ಎಡಕ್ಕೆ ಹೋಗುತ್ತಿದೆ, ಬಲಕ್ಕೆ ಬರುತ್ತಿದೆ, ಪ್ರತಿ ಸಲವೂ ಹೆಚ್ಚು ಅಗಲಕ್ಕೆ, ಕಿಟಕಿಯೊಳಗೆ ಪರದೆ ಚಿಮ್ಮುತ್ತಿದೆ, ಅದು ನಮ್ಮನ್ನು ಬೀಸಿ ಎಸೆಯಲು ಹೊರಟಂತಿದೆ.

"ಬ್ರೇಕ್! ಲೊರೇನ್, ಬ್ರೇಕ್ ಹಾಕೇ!"

"ಬಾಯ್ಮುಚ್ಚು!"

ಅವರು ಬ್ರೇಕ್ ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲನ್ನು ಮೇಲೆತ್ತಿದರು, ಅಷ್ಟೇ. ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಉಸಿರೂ ಬಿಡದೆ ಕೂತರು. ಎಡಕ್ಕೆ. ಬಲಕ್ಕೆ. ಎಡಕ್ಕೆ, ಸ್ವಲ್ಪ ಕಡಿಮೆ. ಬಲಕ್ಕೆ, ಇನ್ನೂ ಕಡಿಮೆ. ವೇಗದ ಮುಳ್ಳು ಮೂವತ್ತಕ್ಕಿಳಿದಾಗ ಕಾರವಾನ್ ಏನೂ ಆಗದ ಹಾಗೆ ನಮ್ಮ ಹಿಂದೆ ಸುಮ್ಮನೆ ಬರುತ್ತಿತ್ತು.

ರಸ್ತೆ ಪಕ್ಕದ ತಂಗುಜಾಗದಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಲೊರೇನ್ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡರು. ಟ್ರೆವರ್ ಕಾರು ಹಿಡಿದುಕೊಂಡೇ ಸುತ್ತು ಬಂದು ಅವರ ಬೆನ್ನು ಸವರಿದರು.

"ಬ್ರೇಕ್ ಹಾಕ್ಬಾರ್ದು ಅಂತ ನಿಂಗೆ ಯಾರೇ ಹೇಳ್ಕೊಟ್ರು?"

"ಗ್ರೇವಿ," ಎಂದರು ಲೊರೇನ್, ಬಾಯಿ ಒರೆಸಿಕೊಳ್ಳುತ್ತಾ. ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದವರು ಅವರು. "ಅಲ್ಲಿ ಕಾರಿಡಾರು ಇಳಿಜಾರಲ್ವಾ? ಊಟದ ಟ್ರಾಲಿ ಬಾಲ ಆಡ್ಸಿದ್ರೆ ನಿಲ್ಸೋಕೆ ಅಂತ ಹಿಂದಕ್ಕೆ ಎಳೀಬಾರ್ದು, ಸುಮ್ನೆ ನೆಟ್ಟಗೆ ಹಿಡ್ಕೋಬೇಕು. ಎಳೆದ್ರೆ ಬಿಸಿ ಗ್ರೇವಿ ಎಲ್ಲ ಕಾಲ್ಮೇಲೆ."

ಅಲ್ಲೇ ಒಂದು ಚಹಾ ವ್ಯಾನ್ ಇತ್ತು. ಬೇಕನ್ ಬನ್ನು ತಿನ್ನುತ್ತಿದ್ದ ಲಾರಿ ಡ್ರೈವರ್ ಒಬ್ಬ ಕೈ ಒರೆಸಿಕೊಂಡು ಬಂದು, ಕೇಳದೆಯೇ ಕಾರವಾನಿನ ಬಾಗಿಲು ತೆಗೆದು ಇಣುಕಿದ. ತೀರಾ ಹಿಂಬದಿಯ ಮೂಲೆಯಲ್ಲಿ, ಮನೆಯಲ್ಲೇ ಕುತ್ತಿಗೆ ತನಕ ತುಂಬಿಸಿದ ನೀರಿನ ಪೀಪಾಯಿ. ಅದರ ಪಕ್ಕ ಕಬ್ಬಿಣದ ಬಾಣಲೆ, ಗೂಟಗಳ ಚೀಲ, ಸುತ್ತಿಗೆ. ಎಲ್ಲದರ ಮೇಲೆ, ಸುತ್ತಿಟ್ಟ ಹಳೆಯ ಕ್ಯಾನ್‌ವಾಸ್ ಟೆಂಟು.

"ನೀವು ಟೆಂಟಿನೋರಾ?" ಎಂದ ಡ್ರೈವರ್.

"ಹೆಂಗ್ ಗೊತ್ತಾಯ್ತು?"

"ಇಳಿದ ತಕ್ಷಣ ಬೇಕಾಗಿದ್ದೆಲ್ಲ ಬಾಗಿಲಿಗೆ ಹತ್ರ ಇರೋ ಹಾಗೆ ತುದೀಲಿಟ್ಟಿದ್ದೀರಲ್ಲ. ಕಾರಿನ ಡಿಕ್ಕೀಲಿ ಅದು ಸರಿ ತಾಯಿ. ಇಲ್ಲಿ ಭಾರ ಚಕ್ರದ ಮೇಲಿರ್ಬೇಕು. ಬಾಲಕ್ಕೆ ಕಟ್ಟಿದ್ರೆ ಅದು ಬಾಲ ಆಡ್ಸದೇ ಬಿಡತ್ತಾ? ಅಲ್ಲಾ, ಕಾರವಾನ್ ತಗೊಂಡು ಹೋಗೋವಾಗ ಟೆಂಟು ಯಾಕೆ?"

"ಇದು ಕೈಕೊಟ್ರೆ ಇರ್ಲಿ ಅಂತ," ಎಂದರು ಲೊರೇನ್, ಬಹಳ ಸಣ್ಣ ದನಿಯಲ್ಲಿ.

ನೀರು ಚೆಲ್ಲಿ, ಟೆಂಟು ಬಾಣಲೆಗಳನ್ನು ನಡುವಿನ ನೆಲಕ್ಕೆ ಎಳೆದು ತಂದೆವು. ಡ್ರೈವರ್ ಹೋದ ಮೇಲೆ ಟ್ರೆವರ್ ಫೋನು ತೆಗೆದರು.

"ಲೀಡ್ಸ್‌ನವನಿಗೆ ಇವತ್ತೇ ಬಾ ಅಂತೀನಿ. ಇಲ್ಲಿಂದ್ಲೇ ತಗೊಂಡು ಹೋಗ್ಲಿ. ನಿನ್ನನ್ನ ಇದ್ರ ಮುಂದೆ ಮತ್ತೆ ಕೂರ್ಸಲ್ಲ ನಾನು."

ಲೊರೇನ್ ರಸ್ತೆಯ ಕಡೆ ತಿರುಗಿದರು. ಒಂದೊಂದು ಲಾರಿ ಹೋದಾಗಲೂ ಅವರ ಹೆಗಲು ಕಿವಿಗೆ ಏರುತ್ತಿತ್ತು.

"ಎಷ್ಟು ದೂರ ಇದೆ?"

"ಹನ್ನೊಂದು ಮೈಲಿ."

"ನಲವತ್ತು ದಾಟಲ್ಲ ನಾನು. ಹಿಂದೆ ಯಾರು ಹಾರ್ನ್ ಹೊಡೆದ್ರೂ ಸರಿ. ನೀನು ಬಾಯಿ ಬಿಟ್ರೆ ಅಲ್ಲೇ ಇಳಿಸ್ತೀನಿ."

ಹನ್ನೊಂದು ಮೈಲಿಗೆ ಅರ್ಧ ಗಂಟೆ. ಹಾರ್ನುಗಳನ್ನು ನಾನು ಎಣಿಸಲಿಲ್ಲ. ಲೊರೇನ್ ದಾರಿಯುದ್ದಕ್ಕೂ ತಮ್ಮಷ್ಟಕ್ಕೇ ಏನೋ ಹೇಳಿಕೊಳ್ಳುತ್ತಿದ್ದರು. ಮುಂದೆ ಬಗ್ಗಿ ಕೇಳಿದರೆ, ಶಾಲೆಯ ವಾರದ ಊಟದ ಪಟ್ಟಿ. ಸೋಮವಾರ ಸಾಸೇಜು, ಮಂಗಳವಾರ ಪೈ.

ಕಾರವಾನ್ ನಿಲ್ಲಿಸಲು ಬಾಡಿಗೆಗೆ ಜಾಗ ಕೊಡುವ ಮೆಟ್‌ಕಾಫ್ ಎಂಬವರ ಹೊಲದ ಗೇಟು ಸಿಕ್ಕಾಗ ಬದುಕಿದೆವು ಅಂದುಕೊಂಡೆ. ಇಲ್ಲ! ಹುಲ್ಲಿನ ಜಾಗಕ್ಕೆ ಕಾರವಾನನ್ನು ಹಿಮ್ಮುಖವಾಗಿ ನುಗ್ಗಿಸಬೇಕು. ಹೊಸಬರು ಬಂದರೆ ಅಲ್ಲಿ ತಂಗಿದವರೆಲ್ಲ ಚಹಾ ಮಗ್ ಹಿಡಿದು ಕುರ್ಚಿ ತಿರುಗಿಸಿ ಕೂರುವುದು ಇಲ್ಲಿನ ರೂಢಿ. ಹನ್ನೆರಡು ಮಗ್‌ಗಳಾದರೂ ಇದ್ದವು. ಲೊರೇನ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಯಿತು. ನಾಲ್ಕನೆಯ ಸಲ ಬೇಲಿಗೆ ಗೇಣು ದೂರ ನಿಂತಿತು. ಅವರ ಕುತ್ತಿಗೆಯಲ್ಲಿ ಕೆಂಪು ಪಟ್ಟೆಗಳೆದ್ದವು. ಈಗ ಅತ್ತುಬಿಡುತ್ತಾರೆ ಅಂದುಕೊಂಡೆ. ಅವರು ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸುವ ದನಿ ತೆಗೆದರು.

"ನೋಡಿದ್ದು ಸಾಕು! ಮಗ್ ಕೆಳಗಿಡಿ, ಬಂದು ತಳ್ಳಿ!"

ಬಂದರು! ಕೊಕ್ಕೆ ಬಿಚ್ಚಿ, ನಾಲ್ಕು ಜನ ಕೈಯಲ್ಲೇ ತಳ್ಳಿ, ಎರಡು ನಿಮಿಷದಲ್ಲಿ ನೆಟ್ಟಗೆ ನಿಲ್ಲಿಸಿದರು. ಟ್ರೆವರ್ ಮೆಟ್ಟಿಲು ಹತ್ತಿ ಒಳಗೆ ಹೋದರು. ಹಾಸಿಗೆಯ ಮೇಲೆ ಕೂತರು. ಎದ್ದರು. ಮತ್ತೆ ಕೂತು, ಯಾರ ಕೈಯೂ ಹಿಡಿಯದೆ ಎದ್ದರು. ಲೊರೇನ್ ಹೊರಗೆ ನಿಂತು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು.

ಆಮೇಲೆ ಗಂಡನ ಜೇಬಿಂದ ಫೋನು ತೆಗೆದುಕೊಂಡು ಲೀಡ್ಸ್‌ನವನಿಗೆ ತಾವೇ ಹೇಳಿದರು: "ಸೋಮವಾರ ಬರ್ಬೇಡಿ." ಫೋನಿಟ್ಟು ಮಿಸೆಸ್ ಮೆಟ್‌ಕಾಫ್ ಹತ್ತಿರ ನಡೆದರು.

"ಮುಂದಿನ ಶುಕ್ರವಾರ ಇದೇ ಜಾಗ ನಮಗಿರ್ಲಿ."

"ಅಷ್ಟು ಇಷ್ಟ ಆಯ್ತಾ?"

"ಇಷ್ಟ ಎಲ್ಲಿಂದ ಬಂತು ಮಾರಾಯ್ತಿ, ಭಯಕ್ಕೆ ಜೀವ ಹೋಗಿದೆ. ನಾಳೆ ಆ ದಿಬ್ಬ ಹತ್ಬೇಕು, ಶುಕ್ರವಾರ ಮತ್ತೆ ಇಳೀಬೇಕು. ಬೆಳಿಗ್ಗೇನೇ ಹೊರಡ್ತೀವಿ, ಲಾರಿ ಕಮ್ಮಿ ಇರತ್ತೆ. ತಳ್ಳೋಕೆ ನಾಲ್ಕು ಜನ ಇರ್ತಾರಲ್ವಾ?"