ಜೋಜಮ್ಮನನ್ನು ಬಿಡಿಸಿದ ಕಾರಣ

ನರ್ಸರಿ ಶಾಲೆಯ ಹೆಡ್‌ಮಿಸ್ ಇವತ್ತು ಸಂಜೆಯೊಳಗೆ ಬೇರೆ ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಂಡುಬಿಟ್ಟರೆ? ಬೆಳಗಿನಿಂದ ಇದೊಂದೇ ತಲೆ ಕೊರೆಯುತ್ತಿದೆ. ಮಗಳಿಗೆ ಅಂಗಿ ಹಿಂದುಮುಂದಾಗಿ ಹಾಕಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಓಡಿ ಬಂದು ನೋಡಿದೆ. ಆರಿಸಿದ್ದೆ. ಚಿಂತೆ ಮಾಡೋಕೆ ಸಂಬಳ ಕೊಡೋದಾದ್ರೆ ನಾವು ಇಷ್ಟೊತ್ತಿಗೆ ಸಾಹುಕಾರರಾಗಿರ್ತಿದ್ವಿ ಎಂದು ಗಂಡ ನಕ್ಕ. ಏನು ಚಿಂತೆ ಅಂತ ಅವನಿಗೂ ಹೇಳುವಂತಿಲ್ಲ.

ಆ ಶಾಲೆಯಲ್ಲಿ ಕೆಲಸ ಕೇಳಿರುವವಳು ಜೋಜಮ್ಮ. ಕಷ್ಟದಲ್ಲಿರುವ ಹೆಂಗಸರಿಗೆ ಕಸುಬು ಕಲಿಸುವ ನಮ್ಮ ಸೇವಾಸಂಸ್ಥೆಯ ಹಿಂಬದಿಯ ಕೋಣೆಯಲ್ಲಿ, ನೌಕರರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಆ ಹೆಸರು ಮಕ್ಕಳೇ ಇಟ್ಟದ್ದು. ಮೊದಲು ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿದ್ದಳಂತೆ. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಒಡೆದು, ದನಿ ಗಂಡಸರಂತೆ ದಪ್ಪಗಾಗಿತ್ತು. ಆ ದನಿಯಲ್ಲೇ ಜೋಗುಳ. ಎರಡು ಕೈಯಲ್ಲಿ ಇಬ್ಬರನ್ನು ತಟ್ಟುತ್ತಾ, ಕಾಲಿನಿಂದ ಮೂರನೆಯದರ ತೊಟ್ಟಿಲು ತೂಗುವಳು. ಯಾವುದಾದರೂ ಮಗು ರಚ್ಚೆ ಹಿಡಿದರೆ, "ಅಳಪ್ಪಾ, ಚೆನ್ನಾಗಿ ಅಳು, ನನ್ನ ಪಾಲಿಂದೂ ನೀನೇ ಅತ್ತುಬಿಡು" ಅನ್ನುವಳು. ನಾವು ತಾಯಂದಿರು ನಗುತ್ತಿದ್ದೆವು. ಅವಳ ಮನೆಯಲ್ಲಿ ಬೆನ್ನು ಮುರಿದುಕೊಂಡು ಮಲಗಿರುವ ಗಂಡ, ನರ್ಸಿಂಗ್ ಓದುವ ಮಗಳು ಇದ್ದಾರೆ ಎನ್ನುವುದು ನಮಗೆ ಗೊತ್ತಾಗಿದ್ದೇ ಬಹಳ ತಡವಾಗಿ.

ಸಂಸ್ಥೆಯ ಹಣಕಾಸು ನೋಡುವ ಹಿರಿಯರನ್ನು ಕಚೇರಿಯಲ್ಲಿ ಎಲ್ಲರೂ ದೊಡ್ಡಪ್ಪ ಅನ್ನುತ್ತೇವೆ. ಎಲ್ಲರ ಹುಟ್ಟುಹಬ್ಬ ನೆನಪಿಡುತ್ತಾರೆ, ಮಕ್ಕಳಿಗೆ ಬಣ್ಣದ ಪೆನ್ಸಿಲ್ ತರುತ್ತಾರೆ. ಅವರು ಆ ಕೋಣೆಗೆ ಹೋಗುತ್ತಿದ್ದದ್ದು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ ಮೇಲೆ. ಬಾಗಿಲು ಮುಂದೆ ಮಾಡಿ ಅವಳ ಬೆನ್ನಿಗೆ ಒತ್ತಿ ನಿಲ್ಲುತ್ತಿದ್ದರು. ಕೈ ಎಲ್ಲೆಲ್ಲಿಗೆ ಹೋಗುತ್ತಿತ್ತು ಎನ್ನುವುದನ್ನು ಅವಳು ನೆಲ ನೋಡುತ್ತಾ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕಿರುಕುಳದ ದೂರು ವಿಚಾರಿಸುವ ಸಮಿತಿಯಲ್ಲಿ ನಾನೂ ಒಬ್ಬಳು. ಎಳೆ ಮಗುವಿನ ತಾಯಿಯೊಬ್ಬಳೂ ಇರಲಿ ಅಂತ ಕೂರಿಸಿಕೊಂಡಿದ್ದರು.

ಇಂಥ ಗಂಟಲಿರುವವಳು ಒಂದು ಸಲವಾದರೂ ಯಾಕೆ ಕೂಗಲಿಲ್ಲ ಎಂದರು ಅಧ್ಯಕ್ಷೆ.

"ಕೂಸುಗಳು ಎದ್ದುಬಿಡ್ತವೆ, ಮೇಡಂ," ಅಂದಳು ಜೋಜಮ್ಮ. "ಎದ್ದು ನೋಡಿಬಿಡ್ತವೆ."

ದೊಡ್ಡಪ್ಪ ತಪ್ಪು ತಿಳುವಳಿಕೆ ಆಯಿತೆಂದು ಕ್ಷಮೆ ಕೇಳಿ ತಮ್ಮ ಕುರ್ಚಿಗೆ ಮರಳಿದರು. ಅವರಿರುವ ಕಟ್ಟಡದಲ್ಲಿ ತಾನಿರಲಾರೆ ಎಂದಳು ಜೋಜಮ್ಮ. ಅಧ್ಯಕ್ಷೆಗೆ ತಲೆಯ ಮೇಲಿನ ಭಾರ ಇಳಿದಂತಾಯಿತು. ಮರುದಿನದಿಂದಲೇ ಅವಳನ್ನು ಬಿಡಿಸಿದರು. ಒಂದು ಮಾತೂ ಹೊರಗೆ ಹೋಗಕೂಡದು, ಹೋದರೆ ಹೇಳಿದವರ ಕೆಲಸ ಹೋಗುತ್ತದೆ, ಇದೆಲ್ಲ ಅವಳ ಮಾನ ಕಾಯುವುದಕ್ಕೇ ಎಂದು ನಮ್ಮೆಲ್ಲರ ಸಹಿ ಹಾಕಿಸಿಕೊಂಡರು. ನಾನೂ ಹಾಕಿದೆ.

ಮಕ್ಕಳ ಆಯಾ ರಾತ್ರೋರಾತ್ರಿ ಮಾಯವಾದರೆ ತಾಯಂದಿರು ಏನಂದುಕೊಳ್ಳುತ್ತಾರೆ? ಇಷ್ಟು ಸಣ್ಣ ವಿಷಯ ಸಮಿತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾರನೆಯ ದಿನವೇ ಎಲ್ಲರೂ ತಂತಮ್ಮ ಮಕ್ಕಳ ತೋಳು, ತೊಡೆ ತಿರುಗಿಸಿ ನೋಡುತ್ತಿದ್ದರು. ಹೊಡೀತಿದ್ದಳಂತೆ ಎಂದಳು ಟೈಪಿಸ್ಟ್. ಸುಮ್ಮನಿರಲೆಂದು ಏನೋ ಕುಡಿಸ್ತಿದ್ದಳಂತೆ, ಅದಕ್ಕೇ ಅಷ್ಟು ಬೇಗ ಮಲಗೋವು ಎಂದಳು ಇನ್ನೊಬ್ಬಳು. ನಿನ್ನ ಮಗಳ ಮೈಮೇಲೆ ಗುರುತೇನಾದ್ರೂ ಇತ್ತಾ ಅಂತ ನನ್ನನ್ನೇ ಕೇಳಿದರು. ಗೊತ್ತಿಲ್ಲಪ್ಪ ಅಂದೆ. ಆ ಮಾತು ಸಾಕಾಯಿತು ಅವರಿಗೆ.

ನಿನ್ನೆ ಜೋಜಮ್ಮ ಔಷಧಿ ಅಂಗಡಿಯ ಮುಂದೆ ಸಿಕ್ಕಳು. ನರ್ಸರಿಯಲ್ಲಿ ಕೆಲಸ ಇನ್ನೇನು ಕೈಗೆ ಬಂದಿತ್ತಂತೆ. ಹೆಡ್‌ಮಿಸ್ ನಮ್ಮ ಕಚೇರಿಗೆ ಫೋನ್ ಮಾಡಿ ಯಾಕೆ ಬಿಡಿಸಿದಿರಿ ಎಂದು ಕೇಳಿದ್ದಾರೆ. ಅದು ಗೋಪ್ಯ, ಹೇಳುವಂತಿಲ್ಲ ಎಂದಿದ್ದಾರೆ ನಮ್ಮವರು. ಮಕ್ಕಳಿರುವ ಜಾಗ, ನಾಳೆ ಸಂಜೆ ನಿರ್ಧಾರ ಹೇಳ್ತೀನಿ ಅಂದರಂತೆ ಹೆಡ್‌ಮಿಸ್, ಇವಳ ಮುಖವನ್ನೂ ನೋಡದೆ.

"ಅವರು ಮುಟ್ಟಿದ್ದನ್ನ ಹೇಗೋ ತೊಳ್ಕೊಂಡೆ ತಾಯಿ," ಅಂದಳು. "ಇದನ್ನ ಎಲ್ಲಿ ಅಂತ ತೊಳ್ಕೊಳ್ಲಿ?"

ನಡೆದದ್ದನ್ನು ನೀವೇ ಹೇಳಿಬಿಡಿ ಅಂದೆ. ನಾನು ಹೇಳಿದ್ರೆ ಕೆಲಸಕ್ಕೋಸ್ಕರ ಕಥೆ ಕಟ್ತಾಳೆ ಅಂತಾರೆ, ಹೇಳೋರು ಬೇರೆಯವರಾಗ್ಬೇಕು ಎಂದು ಮಾತ್ರೆಯ ಪೊಟ್ಟಣ ಮುಚ್ಚಿಟ್ಟುಕೊಂಡು ಹೋದಳು. ನೀವು ಹೇಳಿ ಅಂತ ಕೇಳಲಿಲ್ಲ. ಕೇಳಿದ್ದರೆ ಆಗಲ್ಲ ಅನ್ನುತ್ತಿದ್ದೆನೇನೋ.

ಇವತ್ತು ಊಟದ ಬಿಡುವಿನಲ್ಲಿ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ನರ್ಸರಿಯ ನಂಬರ್ ಒತ್ತಿದೆ. ಎರಡು ಸಲ ನಾನೇ ಕಟ್ ಮಾಡಿದೆ. ಮೂರನೇ ಸಲ ಹೆಡ್‌ಮಿಸ್ ಎತ್ತಿಕೊಂಡರು. ಅವಳು ಯಾವ ಮಗುವಿನ ಮೇಲೂ ಕೈ ಎತ್ತಿದವಳಲ್ಲ, ನನ್ನ ಮಗಳನ್ನು ಹುಟ್ಟಿದ ವರ್ಷದಿಂದ ನೋಡಿಕೊಂಡಿದ್ದಾಳೆ ಎಂದೆ. ಹಾಗೆಲ್ಲ ಯಾರು ಬೇಕಾದರೂ ಫೋನ್ ಮಾಡಿ ಹೇಳಬಹುದು, ಬಿಡಿಸಿದ್ದು ಯಾಕೆ ಅಂತ ಹೇಳಿ ಎಂದರು. ಹೇಳಿದೆ. ಎಲ್ಲವನ್ನೂ, ನಡುವೆ ಉಸಿರು ತೆಗೆದುಕೊಳ್ಳದೆ.



"ಸೋಮವಾರದಿಂದ ಬರ್ಲಿ," ಎಂದರು ಹೆಡ್‌ಮಿಸ್. "ಆದ್ರೆ ನಮ್ಮ ಆಡಳಿತದವರು ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳೇ ಕೇಳ್ತಾರೆ. ಯಾರು ಹೇಳಿದ್ದು ಅಂತ ಹೇಳ್ಲಿ?"

ನನ್ನ ಹೆಸರು ಹೇಳಿದೆ.