ದ್ರೌಪದಿಗೆ ಬಂದ ಒನ್ಸ್ ಮೋರ್

ಹೆಣ್ಣು ನೋಡಲು ಬಂದವರು ಒಂದು ದೇವರನಾಮ ಹಾಡಿಸಿ, ಉಪ್ಪಿಟ್ಟು ಕೇಸರಿಬಾತು ತಿಂದು ಹೋಗುವುದು ರೂಢಿ. ಚಲುವನಾರಾಯಣ ಮಾತ್ರ ಹಾರ್ಮೋನಿಯಂ ಹೊತ್ತುಕೊಂಡೇ ರಾಮನಾಥಪುರಕ್ಕೆ ಬಂದ. ಶ್ರುತಿ ಏರಿಸುತ್ತ ಏರಿಸುತ್ತ ಕನಕಲಕ್ಷ್ಮಿಯ ಗಂಟಲು ಎಲ್ಲಿಯವರೆಗೆ ಹೋದೀತು ಎಂದು ಪರೀಕ್ಷಿಸಿದ. ಮುಖ ನೋಡಿದನೋ ಇಲ್ಲವೋ, ಅವಳಿಗೆ ಇವತ್ತಿಗೂ ಅನುಮಾನ. ಆದರೂ ಆವತ್ತು ಹಿಗ್ಗಿದ್ದಳು. ಹಾಸನ ಸೀಮೆಯ ಪೌರಾಣಿಕ ನಾಟಕಗಳಿಗೆಲ್ಲ ರಾಗ ಕೂರಿಸುವ ಹೆಸರಾಂತ ಮಾಸ್ತರು ತನ್ನನ್ನು ಒಪ್ಪಿದ್ದನಲ್ಲ.

ಅಲ್ಲಿಂದ ಇಪ್ಪತ್ತು ವರ್ಷ ಅವಳು ದ್ರೌಪದಿಯಾದಳು. ಅರಕಲಗೂಡಿನ ಮೇಷ್ಟರು, ಹೊಳೆನರಸೀಪುರದ ಅಂಗಡಿಯವರು, ಚನ್ನರಾಯಪಟ್ಟಣದ ರೈತರು ಆಸೆಗೆ ಬಿದ್ದು ಭೀಮ, ದುರ್ಯೋಧನರಾಗುತ್ತಿದ್ದರು. ಹೆಣ್ಣುಪಾತ್ರಕ್ಕೆ ಇವಳನ್ನು ಕರೆಸುತ್ತಿದ್ದರು. ಜನ ಒನ್ಸ್ ಮೋರ್ ಎಂದರೆ ಮತ್ತೆ ಹಾಡಲೇಬೇಕು. ಅದನ್ನು ತಪ್ಪಿಸುವ ಅಧಿಕಾರ ಹಾರ್ಮೋನಿಯಂ ಮಾಸ್ತರಿಗೆ ಮಾತ್ರ. ಅವರು ಮುಂದಿನ ಹಾಡು ಹಿಡಿದುಬಿಟ್ಟರೆ ಜನ ಗೊಣಗಿಕೊಂಡು ಕೂರುತ್ತಾರೆ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಅವಳ ದನಿ ಒಡೆಯತೊಡಗಿತು. ಹಾಸನದ ಡಾಕ್ಟರು ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದರು. "ಒಳಗೆ ಗಂಟಾಗಿದೆಯಮ್ಮ. ಕೆಲವು ತಿಂಗಳು ಮಾತೂ ಬೇಡ. ಎತ್ತರದಲ್ಲಿ ಹಾಡಿ ಅದು ಒಡೆದರೆ ದನಿ ವಾಪಸ್ ಬರತ್ತೆ ಅಂತ ನಾನು ಹೇಳಲಾರೆ."

ಸಂಜೆಯೇ ಗಂಡನಿಗೆ ಹೇಳಿದಳು. ಅವನು ದ್ರೌಪದಿಯ ಮೊರೆಗೆ ಹೊಸ ರಾಗ ಕೂರಿಸಿ, ಹಾಸನದ ನಾಟಕೋತ್ಸವಕ್ಕೆ ಕಾಯುತ್ತಿದ್ದ.

"ಇದೊಂದು ಮುಗಿಸಿಬಿಡು ಕನಕಾ. ಒಂದೇ ಸಲ ಹಾಡು. ಒನ್ಸ್ ಮೋರ್ ಬಂದ್ರೆ ನಾನು ತಪ್ಪಿಸ್ತೀನಿ."

"ಶ್ರುತಿನಾದ್ರೂ ಇಳಿಸ್ರೀ."

"ಇಳಿಸಿದ್ರೆ ಅದು ಮೊರೆ ಆಗಲ್ಲ, ಬೀದೀಲಿ ಸೊಪ್ಪು ಮಾರೋ ಕೂಗಾಗತ್ತೆ."

ಅವಳು ನಂಬಿದಳು. ಇಷ್ಟು ವರ್ಷ ಅವನ ಬೆರಳು ನೋಡಿಕೊಂಡೇ ಉಸಿರು ತೆಗೆದುಕೊಂಡವಳು ನಂಬದೆ ಇನ್ನೇನು ಮಾಡಿಯಾಳು? ನನಗಂತೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ನಾಟಕ ಬೆಳಿಗ್ಗೆಯೇ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಸೀರೆ ಸೆಳೆಯುವ ದೃಶ್ಯ. ಗಂಟಲಲ್ಲಿ ಸೂಜಿ ಆಡಿಸಿದಂತಾಗುತ್ತಿದ್ದರೂ ಮೊರೆಯನ್ನು ಕೊನೆಯವರೆಗೆ ಎಳೆದು ಮುಟ್ಟಿಸಿದಳು. ಬಾಯಲ್ಲಿ ರಕ್ತದ ರುಚಿ. ಸಭೆ ಎದ್ದು ನಿಂತು ಒನ್ಸ್ ಮೋರ್ ಎಂದು ಕೂಗಿತು.

ಅವಳು ಗಂಡನ ಕಡೆ ನೋಡಿದಳು. ಅವನು ಜನರ ಕಡೆ ನೋಡುತ್ತಿದ್ದ. ಮುಖದಲ್ಲಿ ಅಂಥ ಸಂತೋಷವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ. ಬೆರಳುಗಳು ಅದೇ ಹಾಡನ್ನು ಮೊದಲಿನಿಂದ ಹಿಡಿದವು.

ಸೆರಗು ಹಿಡಿದು ನಿಂತಿದ್ದ ದುಶ್ಶಾಸನ, ಬೂವನಹಳ್ಳಿಯ ಶಿವಕುಮಾರ್, ಮೀಸೆಯ ಮರೆಯಲ್ಲೇ ಪಿಸುಗುಟ್ಟಿದ: "ಬ್ಯಾಡ ಅಂದ್ಬುಡಕ್ಕ. ತುಟೀಲಿ ರಕ್ತ ಕಾಣ್ತದೆ ನಿಂಗೆ."

ಅವನಿಗೆ ಕಂಡದ್ದು ಮಾಸ್ತರಿಗೆ ಕಾಣಲಿಲ್ಲವೇ? ಕಂಡಿತ್ತು. ಅವಳು ಹಾಡಿದಳು. ಎತ್ತರದ ಸಾಲಿಗೆ ಬಾಯಿ ತೆರೆದಾಗ ಒಳಗೇನೋ ಕಿತ್ತುಬಂದಂತಾಯಿತು, ದನಿ ನಿಂತುಹೋಯಿತು. ಸಭೆಗೆ ತಿಳಿಯುವ ಮೊದಲೇ ಚಲುವನಾರಾಯಣ ಆ ಸಾಲನ್ನು ತಾನೇ ಎತ್ತಿಕೊಂಡು ಹಾಡಿದ. ಗಂಡಹೆಂಡಿರ ಚಮತ್ಕಾರವೆಂದುಕೊಂಡು ಜನ ಶಿಳ್ಳೆ ಹಾಕಿದರು. ಅವನಿಗೆ ಶಾಲು ಹೊದಿಸಿದರು.

ತಮ್ಮೂರು ಚನ್ನರಾಯಪಟ್ಟಣಕ್ಕೆ ಮರಳುವಾಗ ಕಾರಿನಲ್ಲಿ ಅವನ ಮಾತು ನಿಲ್ಲಲೇ ಇಲ್ಲ.

"ಆ ಜಾಗಕ್ಕೆ ಗಂಡು ದನಿಯೇ ಸರಿಯಾಗಿ ಕೂರತ್ತೆ ಕನಕಾ. ಇನ್ಮೇಲೆ ಹಾಗೇ ಮಾಡೋಣ. ಏನಂತೀಯಾ?"

ಕಾರು ನಿಲ್ಲಿಸಿ ಎನ್ನಲು ಅವಳು ಬಾಯಿ ತೆರೆದಳು. ಬರೀ ಉಸಿರು ಬಂತು. ಅವನು ಅದನ್ನು ಒಪ್ಪಿಗೆಯೆಂದು ತಿಳಿದು, ಆ ಸಾಲನ್ನು ಇನ್ನೊಮ್ಮೆ ಗುನುಗಿದ.