ಬಳೆ ಸದ್ದಿಲ್ಲದ ಹಾಡು

ಮನೆಯಲ್ಲೇ ಹಾಡಿನ ವಿಡಿಯೊ ಮಾಡುವವರು ಕ್ಯಾಮರಾದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ದಡ್ಡತನ. ಮುಖ ಮಸುಕಾಗಿದ್ದರೆ ಜನ ಸಹಿಸುತ್ತಾರೆ. ದನಿ ಗೊರಗೊರ ಅಂದರೆ ಬೆರಳಲ್ಲಿ ತಳ್ಳಿ ಮುಂದಿನದಕ್ಕೆ ಹೋಗುತ್ತಾರೆ. ಅದಕ್ಕೇ ನಾನು ಹಳೇ ಫೋನನ್ನೇ ಇಟ್ಟುಕೊಂಡು, ಕೈಯಲ್ಲಿದ್ದದ್ದನ್ನೆಲ್ಲ ಒಂದು ಕಾಲರ್ ಮೈಕಿಗೆ ಸುರಿದೆ. ಹಾಡುವವಳು ಮನೆಯಲ್ಲೇ ಇದ್ದಳು, ನನ್ನ ಸೋದರತ್ತೆ.

ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ನಮ್ಮ ನೆಂಟರ ಮದುವೆಗಳಲ್ಲಿ ಸೋಬಾನೆ ಎತ್ತಿಕೊಡುತ್ತಿದ್ದವಳು ಅವಳೇ. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ಹಿಡಿದು ಹಾಡುವರು. ಮಾವ ತೀರಿಕೊಂಡ ಮೇಲೆ ಅದು ನಿಂತುಹೋಯಿತು. ಯಾರೂ ಬೇಡ ಅನ್ನಲಿಲ್ಲ, ಕರೆಯಲಿಲ್ಲ, ಅಷ್ಟೆ. ಧಾರೆಯ ಹೊತ್ತಿಗೆ ಅವಳನ್ನು ನಯವಾಗಿ ಅಡುಗೆ ಕಡೆ ಕಳಿಸಿಬಿಡುತ್ತಿದ್ದರು, ಅಲ್ಲಿ ಏನೋ ಬಹಳ ಮುಖ್ಯವಾದ ಕೆಲಸ ಕಾದಿರುವ ಹಾಗೆ. ಗಂಡ ಸತ್ತರೆ ಹೆಂಡತಿಯ ಗಂಟಲೂ ಸಾಯುತ್ತದೆಂದು ಇವರಿಗೆ ಹೇಳಿಕೊಟ್ಟವರು ಯಾರೋ ಕಾಣೆ.

ವಿಡಿಯೊ ಮಾಡೋಣ ಅಂದಾಗ ಅತ್ತೆ ಮೊದಲು ನಕ್ಕಳು. ಆಮೇಲೆ, ಅದನ್ನು ನೋಡಿದರೆ ಮತ್ತೆ ಕರೆದಾರಾ ಎಂದು ಕೇಳಿದಳು. ಕರೆಯದೆ ಇರುತ್ತಾರಾ ಅಂದೆ ನಾನು. ಚಿಕ್ಕಪ್ಪನ ಮಗಳಿಗೆ ಆಗಲೇ ಗಂಡು ಗೊತ್ತಾಗಿತ್ತು. ತಮ್ಮನ ಮಗಳ ಮದುವೆಯಲ್ಲಿ ಹಸೆಮಣೆಯ ಪಕ್ಕ ನಿಂತು ಹಾಡಬೇಕೆಂಬುದು ಅವಳ ಆಸೆ.

ಮನೆಯೊಳಗೆ ರೆಕಾರ್ಡ್ ಮಾಡುವ ಹಾಗಿರಲಿಲ್ಲ. ಮಿಕ್ಸಿ, ನಾಯಿ, ಮಡಿಕೇರಿ ಕಡೆಗೆ ಹಾರ್ನ್ ಹೊಡೆದುಕೊಂಡು ಹೋಗುವ ಬಸ್ಸು. ಹಾಗಾಗಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಗೆ ಹೋದೆವು. ಬೇಯಿಸುವ ಕಾಲ ಮುಗಿದು ಅದು ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಎತ್ತರದ ಮಾಡು, ಒಂದೇ ಬಾಗಿಲು. ಮೊದಲ ಸಾಲಿಗೇ ದನಿ ಬಾವಿಗೆ ಬಿದ್ದ ಕೊಡದ ಹಾಗೆ ಗುಂಯ್ ಅಂದಿತು. ಸೊಪ್ಪು ನೇತುಹಾಕುವ ಗಳಗಳಿಗೆ ಕಂಬಳಿ, ಗೋಣಿಚೀಲ, ಅಮ್ಮನ ಹಳೇ ಸೀರೆ, ಸಿಕ್ಕಿದ್ದನ್ನೆಲ್ಲ ಇಳಿಬಿಟ್ಟೆ. ಅತ್ತೆ ದನಿ ಏರಿಸಿದಾಗ ಬಿಸಿ ಹಾಯಿಸುವ ತಗಡಿನ ಕೊಳವೆಗಳೂ ಜೊತೆಗೆ ಗುನುಗಿದವು. ಅವಕ್ಕೂ ಗೋಣಿ ಹೊದಿಸಿದೆ. ಗೋಡೆಗೆ ಹಿಡಿದಿದ್ದ ಸೊಪ್ಪಿನ ಘಾಟಿಗೆ ಇಬ್ಬರೂ ಸೀನಿ ಸೀನಿ ಸುಸ್ತಾದೆವು.

ನಿಜವಾದ ತೊಂದರೆ ಬಂದದ್ದು ಹಿಂದೆ ಹಾಡುವವರಿಂದ. ನಮ್ಮ ಬೀದಿಯ ಕೆಲವು ಹೆಂಗಸರು ಬಂದಿದ್ದರು. ಇಯರ್‌ಫೋನ್ ಹಾಕಿ ಕೇಳಿದರೆ ಹಾಡಿಗಿಂತ ಅವರ ಬಳೆಯೇ ಜೋರು. ಕೈ ಕಟ್ಟಿ ಕೂತರೂ ಹಾಡು ಕಾವೇರಿದ ಹಾಗೆ ಕೈ ತಾನಾಗಿ ಆಡುತ್ತಿತ್ತು. ಮೈಕಿನ ಗುಂಗಿನಲ್ಲಿದ್ದ ನಾನು, ಒಂದು ಗಳಿಗೆ ಬಳೆ ತೆಗೆದಿಡಿ ಅಂದುಬಿಟ್ಟೆ. ಮುತ್ತೈದೆಯರಿಗೆ ಹೇಳುವ ಮಾತಾ ಇದು ಎಂದು ಬೈದು, ಸೆರಗು ಕೊಡವಿ ಎಲ್ಲರೂ ಹೊರಟೇಹೋದರು.

ಅತ್ತೆ ಕದಲಲಿಲ್ಲ. "ನಾನೇ ಎಲ್ಡು ಸಲ ಹಾಡ್ತೀನಿ ಬುಡು," ಅಂದಳು. "ನನ್ ಕೈಲಿ ಏನದೆ ಸದ್ದು ಮಾಡಕ್ಕೆ."

ಹಾಗೇ ಆಯಿತು. ಎತ್ತಿಕೊಡುವವಳೂ ಅವಳೇ, ಹಿಂದೆ ಹಾಡುವವಳೂ ಅವಳೇ. ಎರಡನ್ನೂ ಫೋನಿನಲ್ಲೇ ಕೂಡಿಸಿದೆ. ಅಷ್ಟು ತಿಳಿಯಾದ ದನಿಯನ್ನು ನಾನು ದುಡ್ಡಿದ್ದವರ ವಿಡಿಯೊಗಳಲ್ಲೂ ಕೇಳಿರಲಿಲ್ಲ.

ವಿಡಿಯೊ ಊರೂರು ತಿರುಗಿತು. ಹ್ಯಾಂಡ್‌ಪೋಸ್ಟ್ ಊರಿನ ನೆಂಟರು, ಕೆ.ಆರ್. ನಗರದ ಬೀಗರು, ಎಲ್ಲರೂ ಹೊಗಳಿದರು. ಮದುವೆ ಹತ್ತಿರ ಬಂದಾಗ ಚಿಕ್ಕಮ್ಮನ ಫೋನು ಬಂತು. ಕರೆಯುವುದಕ್ಕೇ ಮಾಡಿದ್ದಾಳೆಂದು, ಅತ್ತೆಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಚಿಕ್ಕಮ್ಮ ಹಾಡನ್ನು ಬಾಯಿ ತುಂಬ ಹೊಗಳಿದಳು. ಛತ್ರದಲ್ಲಿ ಆರತಿಯ ಹೊತ್ತಿಗೆ ಅದನ್ನೇ ಹಾಕಿಸುತ್ತೇವೆ, ಚಿತ್ರ ಬೇಡ, ಬರೀ ದನಿ ಕಳಿಸು ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಕಳಿಸು, ಮದುವೆ ಹಾಡಿಲ್ಲದೆ ಆಗಬಾರದು ಎಂದಷ್ಟೇ ಹೇಳಿದಳು. ಕಳಿಸಿದೆ.

ಹುಣಸೂರಿನ ಛತ್ರದಲ್ಲಿ ಮದುವೆ. ಅತ್ತೆಗೆ ಊಟದ ಹಾಲ್‌ನಲ್ಲಿ ಕೂತು ತಾಂಬೂಲದ ಚೀಲ ತುಂಬುವ ಕೆಲಸ ಸಿಕ್ಕಿತು. ನಾನೂ ಅವಳ ಪಕ್ಕದಲ್ಲೇ ಕೂತೆ. ಅತ್ತ ಹಸೆಮಣೆಯ ಬಳಿ ದೊಡ್ಡ ಸ್ಪೀಕರಿನಿಂದ ಅವಳ ದನಿ ಎತ್ತಿಕೊಡುತ್ತಿತ್ತು, ಮೊಣಕೈವರೆಗೆ ಬಳೆ ತೊಟ್ಟ ಹೆಂಗಸರು ಹಿಂದೆ ಹಾಡುತ್ತಿದ್ದರು. ಮಂಟಪದೊಳಕ್ಕೆ ಅವಳ ದನಿ ಆಗುತ್ತದೆ, ಅವಳು ಆಗುವುದಿಲ್ಲ. ಇಂಥ ಮಡಿಯನ್ನು ನಾನು ಎಲ್ಲೂ ಕಂಡಿರಲಿಲ್ಲ.

ಹಾಡು ಇದ್ದದ್ದು ಚಿಕ್ಕಪ್ಪನ ಫೋನಿನಲ್ಲಿ. ಆರತಿ ಎತ್ತುವ ಹೊತ್ತಿಗೆ ಸರಿಯಾಗಿ ಅದಕ್ಕೆ ಯಾರದೋ ಕರೆ ಬಂದು, ಇಡೀ ಛತ್ರಕ್ಕೆ ರಿಂಗ್‌ಟೋನು ಅರಚಿತು. ಗಾಬರಿಯಲ್ಲಿ ಅದೇನು ಒತ್ತಿದನೋ, ಮತ್ತೆ ಹಾಡು ಬರಲೇ ಇಲ್ಲ. ಹಿಂದೆ ಹಾಡುವವರಿಗೆ ಮುಂದಿನ ಸಾಲು ಗೊತ್ತಿರಲಿಲ್ಲ.

ಚಿಕ್ಕಮ್ಮ ಊಟದ ಹಾಲ್‌ನ ಬಾಗಿಲಿಗೆ ಓಡಿಬಂದಳು. "ಅತ್ಗೆ, ಇಲ್ಲಿಂದ್ಲೇ ಒಂದೆರಡು ಸಾಲು ಎತ್ಕೊಡಿ. ಮೈಕ್ ಇಲ್ಗೇ ತರುಸ್ತೀನಿ."

ಅತ್ತೆ ಕೈಲಿದ್ದ ಚೀಲಕ್ಕೆ ತೆಂಗಿನಕಾಯಿ ಇಟ್ಟಳು. ದನಿ ಏರಿಸಲಿಲ್ಲ.

"ಆ ಫೋನ್‌ಗೇ ಹೇಳವ್ವ. ಅದ್ರ ಕೈಲಿ ಬಳೆ ಅವಾ ಅಂತ ಯಾರೂ ನೋಡಕಿಲ್ಲ."

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಹಾಡು ನನ್ನ ಜೇಬಿನಲ್ಲಿದ್ದ ಫೋನಿನಲ್ಲಿ ಇತ್ತು. ಚಾರ್ಜ್ ಇಲ್ಲ ಅಂದೆ. ಆರತಿ ಹಾಡಿಲ್ಲದೆಯೇ ಆಯಿತು. ಬಳೆ ಸದ್ದು ಮಾತ್ರ ಊಟದ ಹಾಲ್‌ವರೆಗೂ ಕೇಳುತ್ತಿತ್ತು.